ಮೈಕ್ ಹಿಡಿಯುವವರಿಗೆ: ಕಾಸರಗೋಡಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ನಮ್ಮ ಕನ್ನಡ ಸಂಘಗಳ ಹಿರಿಯರಿಗೆ, ಶಾಲೆಯ ಮಾಷ್ಟ್ರುಗಳಿಗೆ, ಟೀಚರ್‌ಗಳಿಗೆ, ಪತ್ರಿಕೆಗೆ ವರದಿ ಕಳಿಸುವವರಿಗೆ, ಯಾವ ಕಾರ್ಯಕ್ರಮವಾದರೂ ಮೈಕ್ ಹಿಡಿದು ನಾಲ್ಕು ಮಾತು ಹೇಳುವ ಎಲ್ಲರಿಗೂ ನಮಸ್ಕಾರ.

ನಾನು ಕುಂಬಳೆ ಕಡೆಯವಳು. ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಒಂದು ಜೆರಾಕ್ಸ್ ಮೆಷಿನು, ಒಂದು ಕಂಪ್ಯೂಟರು, ಎರಡು ಬೆಂಚು ಹಿಡಿಯುವಷ್ಟು ಸಣ್ಣ ಅಂಗಡಿ. ಶುರು ಮಾಡಿ ಹದಿನೆಂಟು ವರ್ಷ ಆಯಿತು. ಮಲಯಾಳದ ಫಾರಂ ಓದಲು ಬಾರದವರು ಬರುತ್ತಾರೆ. ಪಿಂಚಣಿ, ರೇಷನ್ ಕಾರ್ಡು, ಮನೆ ತೆರಿಗೆ, ಮಕ್ಕಳ ಸ್ಕಾಲರ್‌ಶಿಪ್ಪು. ದಿನಕ್ಕೆ ನಲವತ್ತು ಸಲವಾದರೂ "ಹೆಸರು ಹೇಳಿ" ಎಂದು ಕೇಳುತ್ತೇನೆ. ಈ ಪತ್ರವೂ ಹೆಸರಿನ ಬಗ್ಗೆಯೇ.

ಕಳೆದ ತಿಂಗಳು ಇಲ್ಲೇ ಹತ್ತಿರದ ಒಂದು ಹಾಲ್‌ನಲ್ಲಿ ಗಾಲಿಕುರ್ಚಿ ಕೊಡುವ ಕಾರ್ಯಕ್ರಮ ಇತ್ತು. ಅರ್ಜಿ ನಾನೇ ಬರೆದದ್ದು, ಹಾಗಾಗಿ ಹೋಗಿದ್ದೆ. ಕುರ್ಚಿ ಪಡೆಯಬೇಕಾದವರಿಗೆ ಮೂವತ್ತನಾಲ್ಕು ವರ್ಷ. ವೇದಿಕೆಗೆ ಏಳು ಮೆಟ್ಟಿಲು. ಇಳಿಜಾರು ದಾರಿ ಇಲ್ಲ. ಅವರು ಕೆಳಗೆ, ಅತಿಥಿಗಳು ಮೇಲೆ. ಕೊನೆಗೆ ಅತಿಥಿಗಳೇ ಎರಡು ಮೆಟ್ಟಿಲು ಇಳಿದು ಬಂದರು. ಫೋಟೋ ತೆಗೆಯುವ ಹುಡುಗ "ಸ್ವಲ್ಪ ಮೇಲೆ ನೋಡಿ, ಕೈ ಮುಗಿಯಿರಿ" ಅಂದ. ಮೈಕ್‌ನಲ್ಲಿ ನಿರೂಪಕರು ಹೇಳುತ್ತಿದ್ದರು: "ಗಾಲಿಕುರ್ಚಿಗೆ ಅಂಟಿಕೊಂಡ ಬಾಳು, ಪಾಪ, ಏನು ತಪ್ಪು ಮಾಡಿತೋ ಈ ಜೀವ."

ಹೇಳಿದವರು ಕೆಟ್ಟವರಲ್ಲ, ನನಗೆ ಗೊತ್ತು. ಹೇಳುವಾಗ ಅವರ ಕಣ್ಣು ತುಂಬಿತ್ತು. ಆದರೆ ಎರಡು ದಿನ ಕಳೆದು ಕುರ್ಚಿಯವರು ಅಂಗಡಿಗೆ ಬಂದರು. ಮೊದಲ ಸಲ ಒಬ್ಬರೇ ಬಂದದ್ದು. ರಶೀದಿ ಕೊಟ್ಟು ಹೇಳಿದರು: "ಅಕ್ಕಾ, ಅಂಟಿಕೊಂಡದ್ದು ಕುರ್ಚಿಗಲ್ಲ. ಇಷ್ಟು ವರ್ಷ ಅಂಟಿಕೊಂಡದ್ದು ಚಾಪೆಗೆ. ಕುರ್ಚಿ ಬಂದ ಮೇಲೆ ನಾನು ಅಂಗಡಿಗೆ ಬಂದೆ ಅಲ್ವಾ? ಅದನ್ನು ಯಾರೂ ಹೇಳಲಿಲ್ಲ. ಹೆಸರು ಕೂಡ ಹೇಳಲಿಲ್ಲ, ನೋಡಿದಿರಾ? ಈ ಜೀವ ಅಂದರು."

ನಾನು ನೋಡಿರಲಿಲ್ಲ. ಅಂದರೆ, ಗಮನಕ್ಕೇ ಬಂದಿರಲಿಲ್ಲ. ದಿನಕ್ಕೆ ನಲವತ್ತು ಹೆಸರು ಬರೆಯುವ ನನಗೇ ಅವರ ಹೆಸರು ಬಿಟ್ಟುಹೋದದ್ದು ಗೊತ್ತಾಗಲಿಲ್ಲ. (ಇಲ್ಲಿಯೂ ಬರೆಯುವುದಿಲ್ಲ. ಪತ್ರದಲ್ಲಿ ಹೆಸರು ಹಾಕಬಹುದಾ ಎಂದು ಕೇಳಿದೆ, ಬೇಡ ಎಂದರು.)

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ನಾವು ಅಂದರೆ ಕಾಸರಗೋಡಿನ ಕನ್ನಡಿಗರು. ನಮ್ಮನ್ನು ಕೇಳದೆ ನಮಗೆ ಹೆಸರಿಟ್ಟರೆ ಹೇಗಾಗುತ್ತದೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದ ದಿನವೇ ನಾವು ಕೇರಳದ ಪಾಲಾದೆವು. ಮಂಜೇಶ್ವರ ಮಂಜೇಶ್ವರಂ ಆಯಿತು. ಕುಂಬಳೆ ಕುಂಬ್ಳ ಆಯಿತು. 2021ರಲ್ಲಿ ಊರ ಹೆಸರುಗಳನ್ನು ಬದಲಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಎಷ್ಟು ಗಲಾಟೆ ಆಯಿತು, ನೆನಪಿದೆಯಲ್ಲ? ಸರಕಾರ ಹಾಗೇನೂ ಇಲ್ಲ ಎಂದಿತು. ಆದರೂ ನಮ್ಮ ಹೊಟ್ಟೆಯೊಳಗಿನ ಹೆದರಿಕೆ ಹೋಗಲಿಲ್ಲ.

ನನ್ನ ಮನೆಯದ್ದೇ ಹೇಳುತ್ತೇನೆ. ಅಪ್ಪನ ಹೆಸರು ಕನ್ನಡದಲ್ಲಿ ಒಂದು. ಅದು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಾಗ ಇನ್ನೊಂದು. ರೇಷನ್ ಕಾರ್ಡಿನಲ್ಲಿ ಮೂರನೆಯದು. ಅಪ್ಪ ತೀರಿಹೋದ ಮೇಲೆ ಆ ಮೂವರೂ ಒಬ್ಬರೇ ಎಂದು ಸರ್ಟಿಫಿಕೇಟು ಮಾಡಿಸಲು ಅಮ್ಮ ಐದು ಸಲ ವಿಲೇಜ್ ಆಫೀಸಿಗೆ ಹೋದರು. ಐದನೇ ಸಲ ಬಂದು ಜಗಲಿಯಲ್ಲಿ ಕೂತು, "ನಿನ್ನ ಅಪ್ಪ ಅಲ್ಲಿ ಇಲ್ಲವೇ ಇಲ್ಲ, ಬೇರೆ ಯಾರೋ ಇದ್ದಾರೆ" ಎಂದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಇಂಥ ನೋವು ಉಂಡ ನಾವು ನಮ್ಮ ನೆರೆಮನೆಯವರನ್ನು ಹೇಗೆ ಕರೆಯುತ್ತಿದ್ದೇವೆ? ಒಂದೊಂದೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮಾತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದ ಹೊತ್ತಿಗೆ ನಿಂತಿತು. ಅದಕ್ಕೆ ಮುಂಚೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಸುರಿದಿದ್ದರು. ಸುಪ್ರೀಂ ಕೋರ್ಟು 2011ರಲ್ಲಿ ಆ ಔಷಧವನ್ನೇ ನಿಷೇಧಿಸಿತು. 2017ರ ಜನವರಿಯಲ್ಲಿ, ಆ ವಿಷದಿಂದ ಆರೋಗ್ಯ ಕೆಟ್ಟ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರಕಾರಕ್ಕೆ ಹೇಳಿತು. ಈ ಲೆಕ್ಕವೆಲ್ಲ ನಿಮಗೆ ಗೊತ್ತು. ಆದರೆ ಪತ್ರಿಕೆಯಲ್ಲಿ ಈಗಲೂ "ಎಂಡೋ ಮಕ್ಕಳು" ಎಂದೇ ಬರೆಯುತ್ತೀರಿ. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಈಗ ಮೂವತ್ತು, ನಲವತ್ತು ವರ್ಷ. ಅವರು ವೋಟು ಹಾಕುತ್ತಾರೆ. ಗಡ್ಡ ಬೋಳಿಸಿಕೊಳ್ಳುತ್ತಾರೆ. ತಲೆಯಲ್ಲಿ ಬಿಳಿ ಕೂದಲು ಬಂದಿದೆ. ಇನ್ನೂ ಮಕ್ಕಳಾ? ಅದರಲ್ಲೂ ವಿಷದ ಹೆಸರನ್ನು ಅವರ ಮನೆ ಹೆಸರಿನ ಹಾಗೆ ಮುಂದೆ ಸೇರಿಸಿ.

ಎಣ್ಮಕಜೆಯಲ್ಲಿ ಸ್ವರ್ಗ ಎಂದೇ ಹೆಸರಿನ ಊರು ಇದೆ. ಅಲ್ಲಿಗೆ ಕ್ಯಾಮರಾ ಹಿಡಿದು ಹೋದವರಿಗೆ "ಸ್ವರ್ಗದಲ್ಲಿ ನರಕ" ಎಂಬ ತಲೆಬರಹ ಸುಲಭವಾಗಿ ಸಿಗುತ್ತದೆ. ಅದನ್ನು ಬರೆದು ಅವರು ಹೋಗುತ್ತಾರೆ. ಊರಿನವರು ಅಲ್ಲೇ ಇರುತ್ತಾರೆ. ನಾನು ಮದುವೆ ಬಯೋಡಾಟಾ ಕೂಡ ಟೈಪ್ ಮಾಡಿಕೊಡುತ್ತೇನೆ. ಒಮ್ಮೆ ಆ ಕಡೆಯ ಒಬ್ಬ ತಂದೆ ಮಗಳದ್ದು ಮಾಡಿಸಲು ಬಂದರು. ಎಲ್ಲ ಮುಗಿದು ವಿಳಾಸ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮತ್ತೆ ಮೆಲ್ಲಗೆ, "ಅವಳ ಸೋದರಮಾವನ ವಿಳಾಸ ಹಾಕಬಹುದಾ? ಅವರು ಪುತ್ತೂರಿನಲ್ಲಿ ಇರುವುದು" ಎಂದು ಕೇಳಿದರು. ಹುಡುಗಿಗೆ ಏನೂ ತೊಂದರೆ ಇಲ್ಲ. ಬಿ.ಎಡ್ ಮಾಡಿದ್ದಾರೆ. ಆದರೆ ಊರ ಹೆಸರು ಕೇಳಿದ ಕೂಡಲೇ ಎರಡು ಸಂಬಂಧ ತಪ್ಪಿತ್ತು. ನಾವು ಪಾಪ, ಪಾಪ ಎಂದು ಬರೆದದ್ದೆಲ್ಲ ಆ ತಂದೆಯ ಬಾಯಿ ಕಟ್ಟಿಹಾಕಿತ್ತು.

ಶಬ್ದಗಳ ವಿಷಯ ಹೇಳುವಾಗ ಒಂದು ಗೊಂದಲ ಮೊದಲು ಬಿಡಿಸಬೇಕು. ಹೊಸ ಹೊಸ ಶಬ್ದ ತಂದರೆ ಸಾಕು, ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಗವೈಕಲ್ಯ ಇರುವವರಿಗೆ ಮಲಯಾಳದಲ್ಲಿ "ಭಿನ್ನಶೇಷಿ" ಅನ್ನುತ್ತಾರೆ. ಅಲ್ಲಿ ಶೇಷಿ ಅಂದರೆ ಶಕ್ತಿ, ಸಾಮರ್ಥ್ಯ. ಒಳ್ಳೆಯ ಶಬ್ದವೇ. ಆದರೆ ಅದನ್ನು ಹಾಗೇ ಎತ್ತಿ ನಮ್ಮ ಬ್ಯಾನರಿನಲ್ಲಿ ಕನ್ನಡ ಅಕ್ಷರದಲ್ಲಿ ಹಾಕಿದರೆ ಏನಾಗುತ್ತದೆ? ಶೇಷ ಅಂದರೆ ನಮಗೆ ಉಳಿದದ್ದು. ಭಿನ್ನವಾದದ್ದು ಅಂದರೆ ಒಡೆದದ್ದು. ಭಿನ್ನವಾದ ಮೂರ್ತಿಯನ್ನು ಪೂಜೆಗೆ ಇಡುವುದಿಲ್ಲ ಎಂದು ಕೇಳಿ ಬೆಳೆದವರು ನಾವು. ಒಡೆದು ಉಳಿದವರು ಎಂದು ಬ್ಯಾನರು ಕಟ್ಟಿದ ಹಾಗಾಯಿತು. ಕರ್ನಾಟಕದ ಕಡೆಯಿಂದ ಬಂದ "ವಿಕಲಚೇತನ"ವನ್ನೂ ಸ್ವಲ್ಪ ಯೋಚಿಸಿ ನೋಡಿ. ಮೊದಲು ಅಂಗವಿಕಲ ಎನ್ನುತ್ತಿದ್ದೆವು. ಅಂಗಕ್ಕೆ ಮಾತ್ರ ಊನ ಇತ್ತು. ಈಗ ಚೇತನಕ್ಕೇ ಊನ ಹೇಳಿಬಿಟ್ಟೆವು. ದೆಹಲಿಯಿಂದ "ದಿವ್ಯಾಂಗ" ಬಂತು. ಅಂಗ ದಿವ್ಯ ಆದರೆ ಏಳು ಮೆಟ್ಟಿಲು ಹತ್ತಲು ಆಗುತ್ತದಾ?

ಹಾಗಾದರೆ ಏನು ಹೇಳಬೇಕು? ನಾನು ಕೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಲಾಟರಿ ಮಾರುವವರು ಒಬ್ಬರು ದಿನಾ ನನ್ನ ಅಂಗಡಿ ಮುಂದೆ ಹೋಗುತ್ತಾರೆ. ಹೆಜ್ಜೆ ಸದ್ದಿಗೇ ನನ್ನನ್ನು ಗುರುತಿಸುತ್ತಾರೆ. ಅವರು ಹೇಳಿದ್ದು: "ಕಣ್ಣು ಕಾಣುವುದಿಲ್ಲ ಅಂತ ಹೇಳಿ, ಅದು ಸತ್ಯ. ಕುರುಡ ಅಂತ ಕೂಗಬೇಡಿ. ಬೆಳಕಿಲ್ಲದ ಬಾಳು ಅಂತ ಬರೆಯಲೇಬೇಡಿ. ನನ್ನ ಬಾಳಿನಲ್ಲಿ ಬೆಳಕು ಉಂಟಾ ಇಲ್ವಾ ಅಂತ ನಿಮಗೆ ಎಂತ ಗೊತ್ತು?" ಅದೇ ದಿನ ಇನ್ನೊಬ್ಬರು, ಪೋಲಿಯೋದಿಂದ ಕಾಲು ಸೋತವರು, "ನನಗೆ ವಿಕಲಚೇತನ ಅಂದರೆ ಆಗಬಹುದು, ಅಭ್ಯಾಸ ಆಗಿದೆ" ಎಂದರು. ಅಭಿಪ್ರಾಯ ಬೇರೆ ಬೇರೆ. ಇಬ್ಬರನ್ನೂ ಕೇಳಿದ್ದಕ್ಕೆ ಅದು ನನಗೆ ಗೊತ್ತಾಯಿತು. ಕೇಳಲು ಅರ್ಧ ನಿಮಿಷ ಬೇಕಾಯಿತು, ಅಷ್ಟೇ.

ನಮ್ಮ ಹೋರಾಟದ ಘೋಷಣೆಗಳಲ್ಲೂ ಇದು ಇದೆ. ಮಲಯಾಳ ಕಡ್ಡಾಯದ ಕಾನೂನು ಬಂದ 2017ರಲ್ಲಿ ನಾನೂ ಬೀದಿಗೆ ಇಳಿದವಳು. ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರು ಬಂದರೆ ಇವತ್ತೂ ಇಳಿಯುತ್ತೇನೆ. ಆದರೆ "ಕಿವುಡು ಸರಕಾರಕ್ಕೆ ಧಿಕ್ಕಾರ" ಎಂದು ಕೂಗುವಾಗ ನನ್ನ ಪಕ್ಕದಲ್ಲಿ ನಿಜವಾಗಿ ಕಿವಿ ಕೇಳಿಸದ ಒಬ್ಬ ಹುಡುಗಿ ಬೋರ್ಡು ಹಿಡಿದು ನಿಂತಿದ್ದಳು. ನಮ್ಮ ತುಟಿ ನೋಡಿ ಮಾತು ತಿಳಿಯುವವಳು. ಸರಕಾರ ಕಿವುಡಲ್ಲ. ಅದಕ್ಕೆ ಕೇಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಆ ಹುಡುಗಿಗೆ ಕೇಳಿಸುವುದಿಲ್ಲ, ಆದರೂ ಕೇಳಿಸಿಕೊಳ್ಳಲು ಬಂದಿದ್ದಳು. ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟುವುದು ಸರಿಯಾ? ಕುಂಟು ನೆಪ, ಕುರುಡು ನಂಬಿಕೆ, "ಕುಂಟನಿಗೆ ಎಂಟು ಚೇಷ್ಟೆ", ಇವೆಲ್ಲ ನಮ್ಮ ಬಾಯಿಗೆ ಎಷ್ಟು ಹೊಂದಿಕೊಂಡಿವೆ ಅಂದರೆ ತೆಗೆದರೆ ಮಾತೇ ನಿಲ್ಲುತ್ತದೆ ಅನಿಸುತ್ತದೆ. ನಿಲ್ಲುವುದಿಲ್ಲ. ಸುಳ್ಳು ನೆಪ ಎಂದರೆ ಅರ್ಥ ಆಗುತ್ತದೆ.

ಮಲಯಾಳದಲ್ಲೂ ಇರುವ ಪೊಟ್ಟ ಎಂಬ ಬೈಗುಳ ನಮ್ಮ ಮಕ್ಕಳಿಗೆ ಬಾಯಿಪಾಠ ಆಗಿದೆ. ಕಿವಿ ಕೇಳಿಸದವರಿಗೂ ಅದೇ, ದಡ್ಡ ಎನ್ನಲೂ ಅದೇ. ಆದರೆ ಚಂದ್ರಗಿರಿ ಹೊಳೆಯ ಆಚೆ ಕಡೆ ಪೊಟ್ಟನ್ ತೆಯ್ಯಂ ಕಟ್ಟುವುದನ್ನು ನೋಡಿದ್ದೀರಾ? ಕೆಂಡದ ರಾಶಿಯ ಮೇಲೆ ಮಲಗುವ ದೈವ. ದಾರಿ ಬಿಡು ಎಂದ ಶಂಕರಾಚಾರ್ಯರಿಗೆ ಎದುರು ನಿಂತು, ನಿಮ್ಮ ಮೈಯ ರಕ್ತವೂ ನಮ್ಮ ಮೈಯ ರಕ್ತವೂ ಬೇರೆಯಾ ಎಂದು ಕೇಳಿದ ಚಂಡಾಲನ ಕತೆ ಅದು. ಪೊಟ್ಟ ಎಂದು ಕರೆಸಿಕೊಂಡವನೇ ಅಲ್ಲಿ ಎಲ್ಲರಿಗಿಂತ ಸರಿಯಾದ ಮಾತು ಹೇಳುತ್ತಾನೆ. ಜನ ಕೈ ಮುಗಿಯುತ್ತಾರೆ. ಮರುದಿನ ಶಾಲೆಯ ಅಂಗಳದಲ್ಲಿ ಅದೇ ಹೆಸರು ಮತ್ತೆ ಬೈಗುಳ.

ರಕ್ತದ ಮಾತು ಬಂತು ಅಂದರೆ ಜಾತಿಯ ಮಾತೂ ಬಂತು. ಅದಕ್ಕೇ "ಕಾಲನಿ"ಯ ವಿಷಯ. 2024ರ ಜೂನ್‌ನಲ್ಲಿ ಕೇರಳದ ಆಗಿನ ಪರಿಶಿಷ್ಟ ಜಾತಿ, ಪಂಗಡಗಳ ಸಚಿವ ಕೆ. ರಾಧಾಕೃಷ್ಣನ್ ಲೋಕಸಭೆಗೆ ಗೆದ್ದು ಕುರ್ಚಿ ಬಿಡುವ ದಿನ ಒಂದು ಆದೇಶಕ್ಕೆ ಸಹಿ ಹಾಕಿದರು. ಪರಿಶಿಷ್ಟರು ಇರುವ ಜಾಗಗಳನ್ನು ಕಾಲನಿ ಎಂದು ಕರೆಯಬಾರದು, ನಗರ ಅಥವಾ ಬೇರೆ ಹೆಸರು ಇಡಬೇಕು ಎಂದು. ನಮ್ಮ ಹತ್ತಿರದ ಬೋರ್ಡು ಬದಲಾಯಿತು. ಆದರೆ ಬಾಯಿ? "ಯಾರು ಬಂದದ್ದು?" "ಕಾಲನಿಯದ್ದು ಒಂದು." ಇದನ್ನು ನಾನು ಅಂಗಡಿಯ ಬೆಂಚಿನಲ್ಲೇ ವಾರಕ್ಕೆ ಎರಡು ಸಲ ಕೇಳುತ್ತೇನೆ.

ಆ "ಒಂದು" ಕೇಳಿದಿರಾ? ನಾನು ಹೇಳಬೇಕೆಂದಿರುವುದರಲ್ಲಿ ಜಾಸ್ತಿ ಭಾರ ಇರುವುದು ಇಲ್ಲಿ. ಕನ್ನಡದಲ್ಲಿ ಬೈಗುಳವೇ ಬೇಕಾಗಿಲ್ಲ. ಕ್ರಿಯಾಪದದ ಬಾಲ ಸಾಕು. ಕೊರಗ ಸಮುದಾಯದ ಎಪ್ಪತ್ತು ವರ್ಷದ ಅಜ್ಜ ಬುಟ್ಟಿ ಮಾರಲು ಬಂದರೆ ಹತ್ತು ವರ್ಷದ ಹುಡುಗ "ನೀನು ಎಷ್ಟಕ್ಕೆ ಕೊಡುತ್ತೀ" ಎಂದು ಕೇಳುತ್ತಾನೆ. ಅದೇ ಹುಡುಗ ಬ್ಯಾಂಕಿನವರಿಗೆ "ನೀವು" ಅನ್ನುತ್ತಾನೆ. ಯಾರೂ ಕೂತು ಕಲಿಸಿದ್ದಲ್ಲ. ನಾವು ಹೇಳುವುದು ಕೇಳಿ ಕಲಿತದ್ದು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ 2000ದಲ್ಲಿ ಕಾನೂನು ಮಾಡಿತು. ಎಲೆಯ ಮೇಲಿನ ಅನ್ನಕ್ಕೆ ಕಾನೂನು ಬಂತು. ಬಾಯಿಂದ ಬರುವ "ನೀನು"ವಿಗೆ ಕಾನೂನು ಬರುವುದಿಲ್ಲ, ಅದನ್ನು ನಾವೇ ಬಿಡಬೇಕು.

ಪತ್ರಿಕೆಯವರೇ, ನಿಮ್ಮ ಪುಟ ತೆಗೆದು ನೋಡಿ. "ಉದ್ಯಮಿ ನಿಧನರಾದರು." "ತೆಂಗಿನ ಮರದಿಂದ ಬಿದ್ದು ಕಾರ್ಮಿಕ ಸತ್ತ." ಸತ್ತ ಮೇಲೂ ಬಹುವಚನ ಸಿಗಬೇಕಾದರೆ ಎಷ್ಟು ಆಸ್ತಿ ಇರಬೇಕು? ಒಂದು "ರು" ಸೇರಿಸಲು ಜಾಗ ಎಷ್ಟು ಹೋಗುತ್ತದೆ?

ಇನ್ನು "ಅದು". ನಮ್ಮ ಕಡೆಯ ಕನ್ನಡದಲ್ಲಿ, ಹವ್ಯಕರ ಮನೆಗಳಲ್ಲಂತೂ, ಹೆಂಗಸರಿಗೆ "ಅಕ್ಕ ಬಂತು" ಎನ್ನುವುದು ರೂಢಿ. ಅದು ಕೊಂಡಾಟದ ಮಾತು, ಅವಮಾನ ಅಲ್ಲ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನನ್ನ ಅಜ್ಜಿಯ ಬಾಯಿಯ ಸಿಹಿ ಅದು. ಆದರೆ ನಲವತ್ತು ವರ್ಷದ ಗಂಡಸು ಹಾಸಿಗೆಯಲ್ಲಿ ಇದ್ದಾರೆ ಎಂದು "ಅದಕ್ಕೆ ಊಟ ಕೊಟ್ಟಾಯಿತಾ" ಎಂದು ಅವರ ಎದುರೇ ಕೇಳುವುದು ಬೇರೆ. ಕೊಂಡಾಟ ಯಾವುದು, ತಾತ್ಸಾರ ಯಾವುದು ಎಂದು ನಮ್ಮ ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನನ್ನದೇ ಒಂದು ತಪ್ಪು ಇಲ್ಲಿ ಹೇಳಬೇಕು. ಕೆಲವು ವರ್ಷದ ಹಿಂದೆ ಸೀರೆ ಉಟ್ಟ, ಗಡಸು ದನಿಯ ಒಬ್ಬರು ಗುರುತಿನ ಚೀಟಿಯ ಅರ್ಜಿಗೆ ಬಂದರು. ನಾನು ಹೆಸರೂ ಕೇಳದೆ ಗಂಡು ಎಂಬ ಕಾಲಂ ಮೇಲೆ ಗುರುತು ಹಾಕಿದೆ. ಬೆಂಚಿನಲ್ಲಿದ್ದ ಇಬ್ಬರು "ಅದು ಯಾವುದು ಮಾರಾಯ್ರೆ" ಎಂದು ನಕ್ಕರು. ನಾನು ಬಾಯಿ ಮುಚ್ಚಿ ಕೂತೆ. ಬಂದವರು ಕಾಗದ ತಿರುಗಿಸಿ ನೋಡಿದರು, ಐದು ರೂಪಾಯಿ ಮೇಜಿನ ಮೇಲೆ ಇಟ್ಟರು, ಏನೂ ಹೇಳದೆ ಹೋದರು. ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ, ತಾನು ಗಂಡೋ ಹೆಣ್ಣೋ ಮೂರನೆಯದೋ ಎಂದು ಹೇಳುವ ಹಕ್ಕು ಆಯಾ ವ್ಯಕ್ತಿಯದ್ದು ಎಂದು. 2015ರಲ್ಲಿ ದೇಶದಲ್ಲೇ ಮೊದಲು ಇದಕ್ಕೊಂದು ನೀತಿ ಮಾಡಿದ್ದು ನಾವಿರುವ ಇದೇ ಕೇರಳ. ಫಾರಂ ಬರೆಯುವವಳು ನಾನು, ನನಗೆ ಗೊತ್ತಿರಬೇಕಿತ್ತು. ಅವರು ಮತ್ತೆ ಬಂದದ್ದು ಎರಡು ವರ್ಷ ಕಳೆದು. ಆಗ "ನಿಮ್ಮನ್ನು ಹೇಗೆ ಕರೆಯಲಿ" ಎಂದು ಕೇಳಿದೆ. "ಎಲ್ಲರನ್ನೂ ಅಕ್ಕ ಅಂತೀರಲ್ಲ, ನನ್ನನ್ನೂ ಅನ್ನಿ" ಎಂದರು. ಬೇರೆ ಏನೂ ಕೇಳಲಿಲ್ಲ.

ಕನ್ನಡದಲ್ಲಿ ಒಂದು ಒಳ್ಳೆಯ ಶಬ್ದ ಇದೆ, ಅವರು. ಗಂಡಿಗೂ ಅದೇ, ಹೆಣ್ಣಿಗೂ ಅದೇ, ಎರಡೂ ಅಲ್ಲದವರಿಗೂ ಅದೇ. ಕುರ್ಚಿಯಲ್ಲಿ ಇರುವವರಿಗೂ, ಬುಟ್ಟಿ ಮಾರುವವರಿಗೂ. ಯಾವ ಹೊಸ ಶಬ್ದವೂ ಹುಡುಕಬೇಕಾಗಿಲ್ಲ, ಯಾರಿಂದಲೂ ಸಾಲ ತರಬೇಕಾಗಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಅಂಗವೈಕಲ್ಯ ಇರುವವರ ಹಕ್ಕುಗಳ 2016ರ ಕಾನೂನಿನ 92ನೇ ಸೆಕ್ಷನ್ ಪ್ರಕಾರ, ಅವರನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಜೈಲು. ಸಿನೆಮಾ, ಟಿವಿಯಲ್ಲಿ ಇವರನ್ನು ತಮಾಷೆಯ ವಸ್ತು ಮಾಡಬೇಡಿ, ಇವರ ಬಗ್ಗೆ ಏನು ಮಾಡುವಾಗಲೂ ಇವರನ್ನು ಸೇರಿಸಿಕೊಂಡೇ ಮಾಡಿ ಎಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಹೇಳಿದೆ. ಹೆದರಿಸಲು ಇದನ್ನು ಬರೆದದ್ದಲ್ಲ. ನನ್ನ ಅಂಗಡಿಗೆ ಬರುವ ಯಾರೂ ಕೇಸು ಹಾಕಲು ಬಂದದ್ದಿಲ್ಲ. ಪಿಂಚಣಿಗೆ ಬರುತ್ತಾರೆ. ಕಲಿಕೆಗೆ ವಿಶೇಷ ನೆರವು ಬೇಕಾದ ಮಕ್ಕಳ ಬಡ್ಸ್ ಶಾಲೆಗೆ ಮಗುವನ್ನು ಸೇರಿಸಲು ಬರುತ್ತಾರೆ. ಒಮ್ಮೆ ಒಬ್ಬರು ಅಮ್ಮ ಮಗನನ್ನು ಸೊಂಟಕ್ಕೆ ಆತುಕೊಂಡು ಬಂದಿದ್ದರು. ಮಗನಿಗೆ ಹದಿನಾರು. ಫಾರಂ ನೋಡಿ ನಾನು "ಇವನದ್ದು ಯಾವ ವಿಧ?" ಎಂದು ಕೇಳಿದೆ. ಅಮ್ಮ ಮಗನ ಬಾಯಿ ಒರೆಸಿ, ಅವನ ಹೆಸರು ಹೇಳಿದರು. ನಾನು ಮತ್ತೆ ಕೇಳಿದೆ, ವಿಧ ಯಾವುದು? ಅವರು ಮತ್ತೆ ಹೆಸರನ್ನೇ ಹೇಳಿದರು, ಸ್ವಲ್ಪ ಗಟ್ಟಿಯಾಗಿ.

ಬರುವ ನವೆಂಬರ್ 1ಕ್ಕೆ ನಮ್ಮ ಕಡೆ ಕನ್ನಡದ ಕಾರ್ಯಕ್ರಮ ಇದೆ. ಮೈಕ್ ಹಿಡಿಯುವವರು ನಿಮ್ಮಲ್ಲೇ ಯಾರಾದರೂ ಇರುತ್ತೀರಿ. ಗಾಲಿಕುರ್ಚಿಯವರು ಆ ದಿನ ಒಂದು ಕವನ ಓದಬೇಕು ಎಂದಿದ್ದಾರೆ. ಬರೆದು ನನಗೆ ಟೈಪ್ ಮಾಡಲು ಕೊಟ್ಟಿದ್ದಾರೆ. ಅದು ಅವರ ಕಾಲಿನ ಬಗ್ಗೆ ಅಲ್ಲ, ಪಯಸ್ವಿನಿ ಹೊಳೆಯ ಬಗ್ಗೆ. ಅವರನ್ನು ಕರೆಯುವಾಗ ಹೆಸರು ಹೇಳಿ ಕರೆಯಿರಿ. ಮುಂದೆ ಏನೂ ಸೇರಿಸಬೇಡಿ, ಹಿಂದೆಯೂ ಬೇಡ. ವೇದಿಕೆಗೆ ಹಲಗೆ ಹಾಕಿ ಇಳಿಜಾರು ಮಾಡಲು ಬಡಗಿಯವರು ಒಪ್ಪಿದ್ದಾರೆ, ಹಲಗೆ ನಮ್ಮ ಮನೆಯ ಹಟ್ಟಿಯಲ್ಲಿದೆ. ಮೈಕ್ ಸ್ಟ್ಯಾಂಡು ನಿಂತು ಮಾತಾಡುವವರ ಎತ್ತರಕ್ಕೆ ಇರುತ್ತದೆ. ಅದರ ತಿರುಪು ಸಡಿಲ ಮಾಡಿದರೆ ಕೂತವರ ಬಾಯಿಯ ಹತ್ತಿರಕ್ಕೆ ಇಳಿಯುತ್ತದಂತೆ. ಸೌಂಡಿನ ಹುಡುಗರ ಹತ್ತಿರ ಕೇಳಿದ್ದೇನೆ.

ಇಂತಿ,
ಅರ್ಜಿ ಬರೆಯುವವಳು,
ಕುಂಬಳೆ